ಕೊಂಗುನಾಡಿನಿಂದ ಪರದೇಶಕ್ಕೆ: ನೆಲೆ ಬದಲಿಸುವವರಿಗೆ ಕೆಲವು ಮಾತು

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡವನ್ನೂ ಅಂಗಡಿಬೀದಿಯಲ್ಲಿ ತಮಿಳನ್ನೂ ಆಡುತ್ತ ಬಂದಿರುವ ದೇವಾಂಗ, ಒಕ್ಕಲಿಗ ಮುಂತಾದ ಕುಟುಂಬಗಳಿಗೆ ವಲಸೆಯೆಂಬುದು ಅಪರಿಚಿತವಾದ ಅನುಭವವಲ್ಲ. ತಮ್ಮ ಪೂರ್ವಿಕರು ಕನ್ನಡ ಸೀಮೆಯಿಂದ ಘಟ್ಟವನ್ನಿಳಿದು, ಮಗ್ಗವನ್ನೂ ಕುಲದೇವತೆಯಾದ ಚೌಡೇಶ್ವರಿಯನ್ನೂ ಜೊತೆಗೆ ತಂದು, ಕೊಂಗುನಾಡಿನಲ್ಲಿ ನೆಲೆಯೂರಿದರೆಂಬ ಐತಿಹ್ಯವನ್ನು ನೇಕಾರರ ಮನೆಗಳ ಹಿರಿಯರು ಇಂದಿಗೂ ಹೇಳುವುದುಂಟು. ವಿಜಯದಶಮಿಯಂದು ಕೊಯಮತ್ತೂರಿನ ಬೀದಿಗಳಲ್ಲಿ ನಡೆಯುವ ಅಲಗುಸೇವೆ ಆ ನೆನಪನ್ನು ವರ್ಷಕ್ಕೊಮ್ಮೆ ಹೊಸದಾಗಿಸುತ್ತದೆ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕೇ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತಾದ ಕಾರಣ, ಆ ಕಾಲದ ಜನರಿಗೆ ಈ ಎರಡು ನಾಡುಗಳ ನಡುವಿನ ಎಲ್ಲೆ ಕಾಡಿನ ದಾರಿಯಷ್ಟೇ ಆಗಿದ್ದಿತು. ಅವರ ಮೊಮ್ಮಕ್ಕಳು ಈಗ ತಿರುಪ್ಪೂರಿನ ಬನಿಯನ್ ಉದ್ಯಮದಲ್ಲಿ ಪಡೆದ ಅನುಭವವನ್ನು ಹಿಡಿದು ಜೋರ್ಡಾನಿನ ಉಡುಪು ಕಾರ್ಖಾನೆಗಳಿಗೂ, ಕೊಯಮತ್ತೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಡೆದ ಪದವಿಯನ್ನು ಹಿಡಿದು ಸಿಂಗಪುರ, ದುಬೈ, ಜರ್ಮನಿ, ಕೆನಡಾಗಳಿಗೂ ಹೊರಟು ನಿಂತಿದ್ದಾರೆ.

ಹಾಗೆ ಹೊರಟವರನ್ನೂ, ಹೊರಟು ಅರ್ಧದಾರಿಯಲ್ಲಿ ತೊಡಕಿಗೆ ಸಿಕ್ಕವರನ್ನೂ ಗಮನಿಸುತ್ತ ಬಂದಂತೆ ನನ್ನಲ್ಲಿ ದೃಢವಾದ ಅಭಿಪ್ರಾಯವೊಂದಿದೆ. ಪರದೇಶದ ಸಂಸಾರ ಸುಸೂತ್ರವಾಗಿ ನಡೆಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಅಲ್ಲಿಗೆ ಹೋದಮೇಲಲ್ಲ. ಅದು ಇಲ್ಲಿಯೇ, ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಓದಿದ ಶಾಲೆಯ ದಾಖಲೆ ಪುಸ್ತಕದಲ್ಲಿ, ವಿಮಾನವನ್ನೇರುವುದಕ್ಕೆ ಆರು ತಿಂಗಳ ಮೊದಲೇ ನಿರ್ಧಾರವಾಗಿಬಿಡುತ್ತದೆ.

ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಬೇಕಾದುದು ಹೆಸರನ್ನು. ತಮಿಳುನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮವರಿಗೆ ಮನೆತನದ ಹೆಸರನ್ನು ಬರೆಯುವ ರೂಢಿಯಿಲ್ಲ. ತಂದೆಯ ಹೆಸರಿನ ಮೊದಲಕ್ಷರ, ಅದರ ಮುಂದೆ ಒಂದು ಚುಕ್ಕೆ, ಅನಂತರ ತಮ್ಮ ಹೆಸರು, ಇಷ್ಟರಲ್ಲಿಯೇ ಶಾಲೆಯ ಹಾಜರಿಪುಸ್ತಕದಿಂದ ವಿಶ್ವವಿದ್ಯಾಲಯದ ಪದವಿಪತ್ರದವರೆಗೆ ಎಲ್ಲವೂ ಮುಗಿಯುತ್ತದೆ. ಪಾಸ್‌ಪೋರ್ಟಾದರೋ ಈ ಮೊದಲಕ್ಷರವನ್ನು ಒಪ್ಪುವುದಿಲ್ಲ. ಅದನ್ನು ಪೂರ್ಣವಾಗಿ ಬಿಡಿಸಿ ಬರೆಯಬೇಕೆಂದು ಕೇಳುತ್ತದೆ. ಆಗ ಕೆಲವರು ಕುಲನಾಮದ ಅಂಕಣವನ್ನು ಖಾಲಿ ಬಿಟ್ಟು ಹೆಸರೆಲ್ಲವನ್ನೂ ಒಂದೇ ಕಡೆ ತುಂಬುತ್ತಾರೆ, ಕೆಲವರು ತಂದೆಯ ಹೆಸರನ್ನು ಕುಲನಾಮವಾಗಿ ಇಡುತ್ತಾರೆ, ಮತ್ತೆ ಕೆಲವರು ತಂದೆಯ ಹೆಸರನ್ನು ಬಿಟ್ಟೇಬಿಡುತ್ತಾರೆ. ಒಂದೇ ಮನೆಯ ಅಣ್ಣತಮ್ಮಂದಿರ ಪಾಸ್‌ಪೋರ್ಟುಗಳು ಮೂರು ರೀತಿಯಲ್ಲಿರುವುದು ಸಾಮಾನ್ಯ. ಕುಲನಾಮವಿಲ್ಲದ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ದೊರೆತಾಗ, ಇದ್ದ ಒಂದೇ ಹೆಸರನ್ನು ಕುಲನಾಮದ ಸ್ಥಾನಕ್ಕೆ ಏರಿಸಿ, ಸ್ವಂತ ಹೆಸರಿನ ಸ್ಥಾನದಲ್ಲಿ ‘ಹೆಸರು ತಿಳಿಯದು’ ಎಂಬರ್ಥದ ‘ಎಫ್‌ಎನ್‌ಯು’ ಎಂಬ ಮೂರಕ್ಷರಗಳನ್ನು ಮುದ್ರಿಸುತ್ತಾರೆ. ಅದು ಅನಂತರ ಬ್ಯಾಂಕಿನ ಖಾತೆಗೂ ವಾಹನ ಪರವಾನಗಿಗೂ ಅಂಟಿಕೊಂಡು ಬರುತ್ತದೆ. 2022ರ ನವೆಂಬರಿನಲ್ಲಿ ಯು.ಎ.ಇ. ಸರ್ಕಾರವು, ಒಂದೇ ಹೆಸರುಳ್ಳ ಪಾಸ್‌ಪೋರ್ಟಿನವರಿಗೆ ಭೇಟಿಯ ವೀಸಾದ ಮೇಲೆ ಪ್ರವೇಶವಿಲ್ಲವೆಂದು ವಿಧಿಸಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಮಾತ್ರ ವಿನಾಯಿತಿ ದೊರೆಯುವುದೆಂದು ಆಮೇಲೆ ತಿಳಿಯಿತು.

ಇದರ ಮೇಲೆ ಕಾಗುಣಿತದ ತೊಡಕು ಬೇರೆ. ಕನ್ನಡದಲ್ಲಿ ‘ಸ್ವಾಮಿ’ ಎಂದು ಮುಗಿಯುವ ಹೆಸರು ತಮಿಳಿನ ಉಚ್ಚಾರಣೆಯಲ್ಲಿ ‘ಸಾಮಿ’ಯಾಗಿ, ಇಂಗ್ಲಿಷಿಗೆ ಬರುವಾಗ ಗುಮಾಸ್ತನ ಕೈಗೆ ತೋಚಿದಂತೆ ಎರಡು ಮೂರು ರೂಪಗಳನ್ನು ತಾಳುತ್ತದೆ. ತಂದೆಯ ಹೆಸರು ಆಧಾರ್ ಪತ್ರದಲ್ಲಿ ಒಂದು ರೀತಿ, ಮಗನ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮತ್ತೊಂದು ರೀತಿ, ಮೊಮ್ಮಗಳ ಜನನಪತ್ರದಲ್ಲಿ ಇನ್ನೊಂದು ರೀತಿ ಇದ್ದಾಗ, ಈ ಮೂವರೂ ಒಂದೇ ವಂಶದವರೆಂದು ಪರದೇಶದ ಅಧಿಕಾರಿಗೆ ಮನಗಾಣಿಸುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ಅನುಭವಿಸಿದವರೇ ಬಲ್ಲರು. ಆದಕಾರಣ ಮನೆಯವರೆಲ್ಲರ ಪತ್ರಗಳನ್ನೂ ಒಂದು ಸಂಜೆ ಮೇಜಿನ ಮೇಲೆ ಹರಡಿ, ಪ್ರತಿಯೊಬ್ಬರ ಹೆಸರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕೆಂಬುದು ನನ್ನ ಮೊದಲ ಸಲಹೆ. ಅಲ್ಪ ವ್ಯತ್ಯಾಸವಾದರೆ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿಟ್ಟುಕೊಳ್ಳಬಹುದು. ದೊಡ್ಡ ವ್ಯತ್ಯಾಸವಾದರೆ ತಮಿಳುನಾಡು ಸರ್ಕಾರದ ಗೆಜೆಟ್‌ನಲ್ಲಿ ಹೆಸರಿನ ಬದಲಾವಣೆಯನ್ನು ಪ್ರಕಟಿಸಿ, ಅದರ ಆಧಾರದಿಂದ ಉಳಿದ ದಾಖಲೆಗಳನ್ನು ತಿದ್ದಿಸುವುದೇ ಶಾಶ್ವತವಾದ ಪರಿಹಾರ. ಈ ಕೆಲಸ ಮುಗಿದ ಮೇಲೆಯೇ ಕೊಯಮತ್ತೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ಬಾಗಿಲಿಗೆ ಹೋಗುವುದು ಲೇಸು.

ವಿವಾಹದ ನೋಂದಣಿಯನ್ನು ನಮ್ಮವರು ಅಷ್ಟಾಗಿ ಗಣಿಸುವುದಿಲ್ಲ. ದೇವಸ್ಥಾನದಲ್ಲಿ ಹಿರಿಯರ ಸಮ್ಮುಖದಲ್ಲಿ ತಾಳಿ ಕಟ್ಟಿದ ಮೇಲೆ ಬೇರೊಂದು ಸಾಕ್ಷ್ಯವೇಕೆಂಬುದು ಅವರ ಭಾವನೆ. ತಮಿಳುನಾಡಿನಲ್ಲಿ 2009ರ ಕಾಯಿದೆಯ ಪ್ರಕಾರ ಪ್ರತಿಯೊಂದು ವಿವಾಹವನ್ನೂ ತೊಂಬತ್ತು ದಿನಗಳೊಳಗಾಗಿ ನೋಂದಾಯಿಸುವುದು ಕಡ್ಡಾಯ. ಹೆಂಡತಿಯನ್ನು ಅವಲಂಬಿತಳ ವೀಸಾದಲ್ಲಿ ಕರೆದೊಯ್ಯಲು ಈ ನೋಂದಣಿಯ ಪತ್ರವೊಂದೇ ಆಧಾರ. ಮಕ್ಕಳ ಜನನಪತ್ರದಲ್ಲಿ ಮಗುವಿನ ಹೆಸರು ಸೇರಿದೆಯೇ, ಅಥವಾ ಆಸ್ಪತ್ರೆಯಲ್ಲಿ ಬರೆದಂತೆ ‘ಗಂಡುಮಗು’ ಎಂದಷ್ಟೇ ಉಳಿದಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಪಡೆಯಲು ಜನನಪತ್ರವಲ್ಲದೆ ಬೇರಾವ ವಯಸ್ಸಿನ ಸಾಕ್ಷ್ಯವೂ ನಡೆಯದು. ಈ ಪತ್ರಗಳು ತಮಿಳಿನಲ್ಲಿ ಮಾತ್ರ ಇದ್ದರೆ ಪ್ರಮಾಣೀಕೃತ ಇಂಗ್ಲಿಷ್ ಭಾಷಾಂತರವನ್ನು ಮಾಡಿಸಿ ಮೂಲದೊಡನೆ ಸೇರಿಸಿಡತಕ್ಕದ್ದು.

ಇನ್ನು ಪತ್ರಗಳ ದೃಢೀಕರಣದ ವಿಷಯ. ಭಾರತವು 2005ರಲ್ಲಿ ಅಪೊಸ್ಟಿಲ್ ಒಪ್ಪಂದವನ್ನು ಸೇರಿದ ಬಳಿಕ, ಒಪ್ಪಂದಕ್ಕೆ ಸೇರಿದ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಒಂದು ಮುದ್ರೆಯೇ ಸಾಕಾಗುತ್ತದೆ. ಒಮಾನ್, ಬಹ್ರೇನ್, ಸೌದಿ ಅರೇಬಿಯಾ, ಸಿಂಗಪುರ, 2024ರ ಜನವರಿಯಿಂದ ಕೆನಡಾ ಕೂಡ ಈ ಗುಂಪಿಗೆ ಸೇರಿವೆ. ಯು.ಎ.ಇ., ಕುವೈತ್, ಕತಾರ್ ದೇಶಗಳಿಗೆ ಹೋಗುವವರಾದರೋ ರಾಜ್ಯ ಸರ್ಕಾರದ ಇಲಾಖೆ, ವಿದೇಶಾಂಗ ಸಚಿವಾಲಯ, ಆಯಾ ದೇಶದ ರಾಯಭಾರ ಕಚೇರಿ ಎಂಬ ಮೂರು ಮೆಟ್ಟಿಲುಗಳನ್ನು ಕ್ರಮವಾಗಿ ಹತ್ತಬೇಕು. ಜರ್ಮನಿ ಒಪ್ಪಂದದಲ್ಲಿದ್ದರೂ ಭಾರತದ ಸೇರ್ಪಡೆಗೆ ಆಕ್ಷೇಪವೆತ್ತಿದ್ದರಿಂದ ನಮ್ಮ ಅಪೊಸ್ಟಿಲ್ ಅಲ್ಲಿ ಮಾನ್ಯವಲ್ಲ. ಇದನ್ನು ಅರಿಯದೆ ಹಣವನ್ನೂ ವಾರಗಳನ್ನೂ ವ್ಯಯಮಾಡಿಕೊಂಡವರುಂಟು. ಪದವಿಪತ್ರಗಳು ಚೆನ್ನೈಗೆ ಹೋಗಿ ಬರಬೇಕಾಗುವುದರಿಂದ ಕಾಲಾವಕಾಶವನ್ನು ಧಾರಾಳವಾಗಿ ಇಟ್ಟುಕೊಳ್ಳಬೇಕು. ಕೆನಡಾಕ್ಕೆ ಹೊರಟವರು ತಮ್ಮ ಅಂಕಪಟ್ಟಿಗಳನ್ನು ಭಾರತಿಯಾರ್ ಅಥವಾ ಅಣ್ಣಾ ವಿಶ್ವವಿದ್ಯಾಲಯವೇ ಮೊಹರು ಮಾಡಿ ಕಳಿಸುವಂತೆ ಬೇಡಿಕೆ ಸಲ್ಲಿಸಬೇಕಾಗುತ್ತದೆ. ಬೇರೆ ಊರಿಗೆ ಹೋದಮೇಲೆ ಇದಕ್ಕಾಗಿ ಅಣ್ಣನನ್ನೋ ಮೈದುನನನ್ನೋ ಓಡಾಡಿಸುವುದಕ್ಕಿಂತ, ಇಲ್ಲಿರುವಾಗಲೇ ಎರಡು ಪ್ರತಿಗಳನ್ನು ಹೆಚ್ಚಾಗಿ ಪಡೆದಿಡುವುದು ಒಳಿತು.

ಹೊಲಿಗೆಯ ಮತ್ತು ಹೆಣಿಗೆಯ ಕೆಲಸಕ್ಕೆಂದು ಹೋಗುವವರ ಸಂಗತಿ ಬೇರೆ; ಅವರ ವಿಷಯದಲ್ಲಿ ನನ್ನ ಕಾಳಜಿಯೂ ಹೆಚ್ಚು. ಹತ್ತನೆಯ ತರಗತಿಯಲ್ಲಿ ಉತ್ತೀರ್ಣರಾಗದವರ ಪಾಸ್‌ಪೋರ್ಟಿನಲ್ಲಿ ವಲಸೆ ಅನುಮತಿ ಅಗತ್ಯವೆಂಬ ‘ಇಸಿಆರ್’ ಗುರುತಿರುತ್ತದೆ. ಅಂಥವರು ಜೋರ್ಡಾನ್, ಸೌದಿ ಅರೇಬಿಯಾ, ಯು.ಎ.ಇ., ಮಲೇಷ್ಯಾ ಸೇರಿದಂತೆ ಹದಿನೆಂಟು ದೇಶಗಳಿಗೆ ಉದ್ಯೋಗಕ್ಕಾಗಿ ಹೋಗಬೇಕಾದರೆ 1983ರ ವಲಸೆ ಕಾಯಿದೆಯನ್ವಯ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು; ಈ ವ್ಯವಹಾರವೆಲ್ಲ ಇಂದು ‘ಇ-ಮೈಗ್ರೇಟ್’ ಎಂಬ ಸರ್ಕಾರಿ ಜಾಲತಾಣದ ಮೂಲಕ ನಡೆಯುತ್ತದೆ. ಅಲ್ಲಿಯೇ ಕಡ್ಡಾಯವಾದ ಪ್ರವಾಸಿ ಭಾರತೀಯ ವಿಮೆಯೂ ಉಂಟು: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಟ್ಟಿದರೆ, ಅಪಘಾತದಿಂದ ಮರಣ ಅಥವಾ ಶಾಶ್ವತ ಅಂಗವೈಕಲ್ಯವುಂಟಾದಲ್ಲಿ ಹತ್ತು ಲಕ್ಷ ರೂಪಾಯಿಗಳ ಪರಿಹಾರ. ಕೆಲಸಕ್ಕೆ ಹೋಗುವವನನ್ನು ಭೇಟಿಯ ವೀಸಾದ ಮೇಲೆ ಕಳಿಸಿ, ಹೋದಮೇಲೆ ಬದಲಾಯಿಸಿಕೊಳ್ಳಬಹುದೆಂದು ನಂಬಿಸುವ ದಲ್ಲಾಳಿಯ ಮಾತಿಗೆ ಕಿವಿಗೊಡುವುದೆಂದರೆ ಈ ರಕ್ಷಣೆಯೆಲ್ಲವನ್ನೂ ಕೈಯಾರೆ ಕಳೆದುಕೊಳ್ಳುವುದೆಂದೇ ಅರ್ಥ. ನೋಂದಾಯಿತ ನೇಮಕಾತಿ ಏಜೆಂಟನು ಕೆಲಸಗಾರನಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು. ಲಕ್ಷಗಳಲ್ಲಿ ಮಾತನಾಡುವವನ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್‌ನಲ್ಲಿ ಹುಡುಕಿ ನೋಡಿರಿ. ತಮಿಳುನಾಡು ಸರ್ಕಾರವು 1978ರಲ್ಲಿ ಸ್ಥಾಪಿಸಿದ ಸಾಗರೋತ್ತರ ಮಾನವಶಕ್ತಿ ನಿಗಮವು ಚೆನ್ನೈಯಲ್ಲಿದ್ದು, ಸರ್ಕಾರದ್ದೇ ಆದ ನೋಂದಾಯಿತ ನೇಮಕಾತಿ ಸಂಸ್ಥೆಯಾಗಿರುವುದರಿಂದ, ಮೊದಲು ಅಲ್ಲಿ ವಿಚಾರಿಸುವುದು ವಿವೇಕ.

ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಹೇಳಿ ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಸೆರೆಯಿಟ್ಟಂತೆ ಕೂರಿಸಿ, ಜನರನ್ನು ವಂಚಿಸುವ ಕೆಲಸಕ್ಕೆ ಹಚ್ಚಿದ ಪ್ರಕರಣಗಳು 2022ರಿಂದ ಬೆಳಕಿಗೆ ಬಂದಿವೆ. ಹಾಗೆ ಸಿಕ್ಕಿಬಿದ್ದವರಲ್ಲಿ ತಮಿಳುನಾಡಿನ ಓದಿದ ತರುಣರು ಹಲವರಿದ್ದರು. ಓದಿದವನು ಮೋಸಹೋಗುವುದಿಲ್ಲವೆಂಬ ಭ್ರಮೆ ಯಾವ ಮನೆಯಲ್ಲಿಯೂ ಇರಬಾರದು.

ಹಣಕಾಸಿನ ವಿಷಯದಲ್ಲಿ ಮೂರು ನಾಲ್ಕು ಸಂಗತಿಗಳನ್ನಾದರೂ ಮರೆಯಲಾಗದು. ಉದ್ಯೋಗಕ್ಕಾಗಿ ದೇಶ ಬಿಟ್ಟವನು ತನ್ನ ಸಾಮಾನ್ಯ ಉಳಿತಾಯ ಖಾತೆಯನ್ನು ಮೊದಲಿನಂತೆಯೇ ಇಟ್ಟುಕೊಳ್ಳುವಂತಿಲ್ಲ; ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಖಾತೆಯಾಗಿ ಮಾರ್ಪಡಿಸಿ, ಪರದೇಶದ ಸಂಪಾದನೆಯನ್ನು ಕಳಿಸಲು ಬೇರೆಯಾಗಿ ಎನ್‌ಆರ್‌ಇ ಖಾತೆಯನ್ನು ತೆರೆಯಬೇಕು. ಉದ್ಯೋಗಕ್ಕಾಗಿ ಹೊರಡುವ ವರ್ಷದಲ್ಲಿ ಭಾರತದಲ್ಲಿದ್ದ ದಿನಗಳು 182ಕ್ಕಿಂತ ಕಡಿಮೆಯಾದರೆ ಆ ಹಣಕಾಸು ವರ್ಷಕ್ಕೆ ಅನಿವಾಸಿಯೆಂದೇ ಪರಿಗಣನೆಯಾಗುವುದರಿಂದ, ಸಪ್ಟೆಂಬರ್ ತಿಂಗಳ ಕೊನೆಯ ಮೊದಲು ಹೊರಡುವುದೋ ಅನಂತರವೋ ಎಂಬುದು ಆದಾಯ ತೆರಿಗೆಯ ದೃಷ್ಟಿಯಿಂದ ಗಣನೀಯವಾದ ವ್ಯತ್ಯಾಸವನ್ನುಂಟುಮಾಡುತ್ತದೆ. ಇಲ್ಲಿಯ ಕಂಪನಿಯೇ ಜರ್ಮನಿ, ಕೆನಡಾ, ಜಪಾನ್ ಮೊದಲಾದ ಒಪ್ಪಂದದ ದೇಶಗಳಿಗೆ ತಾತ್ಕಾಲಿಕವಾಗಿ ಕಳಿಸುವುದಾದರೆ ಭವಿಷ್ಯನಿಧಿ ಸಂಸ್ಥೆಯಿಂದ ವ್ಯಾಪ್ತಿಪತ್ರವನ್ನು ಪಡೆದು, ಎರಡು ಕಡೆ ವಂತಿಗೆ ಕಟ್ಟುವ ಹೊರೆಯಿಂದ ಪಾರಾಗಬಹುದು. ಆಧಾರ್‌ಗೂ ಬ್ಯಾಂಕಿಗೂ ಜೋಡಿಸಿದ ಮೊಬೈಲ್ ಸಂಖ್ಯೆಯನ್ನು ಅಂತರರಾಷ್ಟ್ರೀಯ ರೋಮಿಂಗ್‌ಗೆ ಸಿದ್ಧಪಡಿಸಿ ಜೀವಂತವಾಗಿಟ್ಟುಕೊಳ್ಳಬೇಕು. ಆ ಸಂಖ್ಯೆ ಸತ್ತರೆ ಒಟಿಪಿ ಬಾರದೆ, ಇಲ್ಲಿಯ ಖಾತೆಗಳೆಲ್ಲ ಬೀಗ ಹಾಕಿದಂತಾಗುತ್ತವೆ.

ಪೊಳ್ಳಾಚಿ, ಉಡುಮಲೈ ಕಡೆಯಲ್ಲಿ ತೆಂಗಿನ ತೋಟವುಳ್ಳವರಿಗೆ ಇನ್ನೊಂದು ಎಚ್ಚರಿಕೆ. ಅನಿವಾಸಿಯಾದ ಮೇಲೆ ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಹೊಸದಾಗಿ ಕೊಳ್ಳಲು ಕಾನೂನು ಅವಕಾಶ ಕೊಡುವುದಿಲ್ಲ. ಮೊದಲೇ ಇದ್ದುದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬರುವುದನ್ನು ಪಡೆಯಬಹುದು. ಆದ್ದರಿಂದ ಪಾಲುಪಟ್ಟಿ ಆಗಬೇಕಾದ ಮನೆಗಳಲ್ಲಿ ಅದನ್ನು ಹೊರಡುವ ಮೊದಲೇ ಮುಗಿಸಿ, ಪಟ್ಟಾ ತಮ್ಮ ಹೆಸರಿಗೆ ಬಂದಿದೆಯೇ ಎಂದು ನೋಡಿ, ಋಣಭಾರ ಪತ್ರವನ್ನು ತೆಗೆಸಿ ನಕಲನ್ನು ಜೊತೆಗಿಟ್ಟುಕೊಳ್ಳಬೇಕು. ಹಿಂದುಳಿದು ವ್ಯವಹಾರ ನೋಡಿಕೊಳ್ಳುವವರಿಗೆ ಅಧಿಕಾರಪತ್ರವನ್ನು ಇಲ್ಲಿಯ ಸಬ್ ರಿಜಿಸ್ಟ್ರಾರ್ ಎದುರಿನಲ್ಲಿಯೇ ಬರೆದುಕೊಡುವುದು ಸುಲಭ. ಪರದೇಶದಲ್ಲಿ ಬರೆದರೆ ಭಾರತದ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಿ, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕಾಗುತ್ತದೆ. ಅಧಿಕಾರಪತ್ರದಲ್ಲಿ ಮಾರುವ ಹಕ್ಕನ್ನು ಸೇರಿಸದೆ, ಗುತ್ತಿಗೆ, ಕಂದಾಯ, ವಿದ್ಯುತ್ ಸಂಪರ್ಕ, ಬೆಳೆಯ ವ್ಯವಹಾರ ಇಷ್ಟಕ್ಕೇ ಮಿತಿಗೊಳಿಸಿದರೆ ಬಂಧುತ್ವವೂ ಉಳಿಯುತ್ತದೆ, ಭೂಮಿಯೂ ಉಳಿಯುತ್ತದೆ.

ಮಕ್ಕಳ ಶಾಲೆಯ ಕಾಲವನ್ನು ಲೆಕ್ಕಹಾಕದೆ ಹೊರಡುವ ದಿನವನ್ನು ಗೊತ್ತುಮಾಡಬಾರದು. ತಮಿಳುನಾಡಿನಲ್ಲಿ ಶಾಲೆಯ ವರ್ಷ ಜೂನಿನಲ್ಲಿ ಮೊದಲಾದರೆ ಕೊಲ್ಲಿಯ ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಏಪ್ರಿಲಿನಲ್ಲಿಯೂ, ಸಿಂಗಪುರದ ಸರ್ಕಾರಿ ಶಾಲೆಗಳಲ್ಲಿ ಜನವರಿಯಲ್ಲಿಯೂ, ಕೆನಡಾದಲ್ಲಿ ಸಪ್ಟೆಂಬರಿನಲ್ಲಿಯೂ ಮೊದಲಾಗುತ್ತದೆ. ಯು.ಎ.ಇ.ಗೆ ಹೋಗುವ ಮಗುವಿನ ವರ್ಗಾವಣೆ ಪತ್ರಕ್ಕೂ ದೃಢೀಕರಣ ಬೇಕಾಗುತ್ತದೆಂಬುದನ್ನು ತಂದೆತಾಯಿಗಳು ಸಾಮಾನ್ಯವಾಗಿ ಮರೆಯುತ್ತಾರೆ.

ಭಾಷೆಯ ವಿಷಯದಲ್ಲಿ ನಮ್ಮ ಕುಟುಂಬಗಳಿಗೆ ಒದಗಿರುವ ಒಂದು ಅನುಕೂಲವನ್ನು ಇಲ್ಲಿ ವಿಶೇಷವಾಗಿ ಹೇಳಬೇಕೆನಿಸುತ್ತದೆ. ಸಿಂಗಪುರದ ಶಾಲೆಗಳಲ್ಲಿ ಪ್ರತಿಯೊಂದು ಮಗುವೂ ಮಾತೃಭಾಷೆಯೆಂಬ ವಿಷಯವನ್ನು ಓದಬೇಕು. ಭಾರತೀಯ ಭಾಷೆಗಳಲ್ಲಿ ತಮಿಳು ಅಲ್ಲಿಯ ಅಧಿಕೃತ ಭಾಷೆ, ಅದರೊಡನೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಿಗೆ ಅವಕಾಶವುಂಟು, ಕನ್ನಡಕ್ಕಿಲ್ಲ. ಬೆಂಗಳೂರಿನಿಂದ ಹೋದ ಕನ್ನಡಿಗರ ಮಕ್ಕಳು ಇದರಿಂದ ಬಹುಪಾಲು ಹಿಂದಿಯನ್ನು ಆರಿಸಿಕೊಂಡರೆ, ಕೊಯಮತ್ತೂರಿನಿಂದ ಹೋದ ಮಗು ತಾನು ಈಗಾಗಲೇ ಓದಿಬರೆಯುವ ತಮಿಳನ್ನೇ ಆರಿಸಿಕೊಂಡು ನಿರಾಯಾಸವಾಗಿ ಮುಂದುವರಿಯಬಹುದು. ಆದರೆ ಮನೆಯಲ್ಲಿ ಆಡುವ, ಬರಹವಿಲ್ಲದೆ ತಲೆಮಾರುಗಳಿಂದ ಕಿವಿಯಿಂದ ಕಿವಿಗೆ ಬಂದಿರುವ ನಮ್ಮ ಕನ್ನಡವು, ಅಜ್ಜಿಯ ಸಮೀಪದಿಂದ ದೂರವಾದೊಡನೆ ಒಂದೇ ತಲೆಮಾರಿನಲ್ಲಿ ಆರಿಹೋಗುವ ಅಪಾಯವಿದೆ. ಇದನ್ನು ನಾನು ಸಂಕಟದಿಂದಲೇ ಬರೆಯುತ್ತಿದ್ದೇನೆ. ಸಿಂಗಪುರದಲ್ಲಿ ಕನ್ನಡ ಸಂಘವಿದೆ, ದುಬೈಯಲ್ಲಿ ಕನ್ನಡ ಪಾಠಶಾಲೆ ನಡೆಯುತ್ತದೆ, ಅಮೆರಿಕದ ಊರೂರಿನಲ್ಲಿ ಕನ್ನಡ ಕೂಟಗಳಿವೆ. ನಮ್ಮ ನುಡಿ ಮೈಸೂರಿನವರದರಂತಿಲ್ಲವೆಂದು ಅಲ್ಲಿಗೆ ಹೋಗಲು ಸಂಕೋಚಪಡುವ ಕಾರಣವೇನೂ ಇಲ್ಲ. ಮಕ್ಕಳಿಗೆ ಕನ್ನಡದ ಅಕ್ಷರ ದೊರೆಯುವ ಅವಕಾಶ ಕೊಂಗುನಾಡಿನಲ್ಲಿದ್ದುದಕ್ಕಿಂತ ಅಲ್ಲಿಯೇ ಹೆಚ್ಚಾಗಿರಲೂಬಹುದು.

ಗಂಟುಮೂಟೆಯ ವಿಷಯದಲ್ಲಿ ಗೃಹಿಣಿಯರು ಮೊದಲು ಕೇಳುವುದು ಗ್ರೈಂಡರನ್ನು ಒಯ್ಯಬಹುದೇ ಎಂದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಕೊಯಮತ್ತೂರು ಗ್ರೈಂಡರಿನ ದೋಸೆಹಿಟ್ಟಿಗೆ ಒಗ್ಗಿದ ಸಂಸಾರಕ್ಕೆ ಅದು ನ್ಯಾಯವಾದ ಪ್ರಶ್ನೆಯೇ. ಕೊಲ್ಲಿ ದೇಶಗಳಲ್ಲಿ ಬಹುಪಾಲು ಕಡೆ, ಸಿಂಗಪುರದಲ್ಲಿ, ಜರ್ಮನಿಯಲ್ಲಿ ವಿದ್ಯುತ್ತು ನಮ್ಮಲ್ಲಿಯಂತೆಯೇ 220ರಿಂದ 240 ವೋಲ್ಟಿನದು. ದುಬೈ ಮತ್ತು ಸಿಂಗಪುರಗಳಲ್ಲಿ ಚಪ್ಪಟೆಯಾದ ಮೂರು ಕಡ್ಡಿಗಳ ಪ್ಲಗ್, ಜರ್ಮನಿಯಲ್ಲಿ ದುಂಡಗಿನ ಎರಡು ಕಡ್ಡಿಗಳದು ಬೇಕಾಗುತ್ತದೆಂಬುದಷ್ಟೇ ವ್ಯತ್ಯಾಸ. ಅಮೆರಿಕ, ಕೆನಡಾಗಳಲ್ಲಿ 120 ವೋಲ್ಟ್ ಇರುವುದರಿಂದ ಇಲ್ಲಿಯ ಮೋಟಾರು ಅಲ್ಲಿ ನಡೆಯದು. 110 ವೋಲ್ಟಿಗೆಂದೇ ತಯಾರಿಸಿದ ಗ್ರೈಂಡರುಗಳು ಕೊಯಮತ್ತೂರಿನಲ್ಲಿಯೇ ದೊರೆಯುತ್ತವೆ, ಕೇಳಿ ಕೊಳ್ಳಬೇಕು. ಒಣಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ; ಎಣ್ಣೆಯ ಅಂಶದಿಂದ ತಾನಾಗಿ ಕಾವು ಏರಿ ಉರಿಯಬಲ್ಲ ವಸ್ತುವೆಂದು ಅದನ್ನು ನಿಷೇಧಿಸಿರುವುದರಿಂದ, ಸ್ವಂತ ತೋಟದ ಕೊಬ್ಬರಿಯನ್ನು ಮಮತೆಯಿಂದ ಕಟ್ಟಿಕೊಡುವ ತಾಯಂದಿರಿಗೆ ಇದನ್ನು ಮೊದಲೇ ತಿಳಿಸಬೇಕು. ಗಸಗಸೆಯ ವಿಷಯದಲ್ಲಂತೂ ಅತ್ಯಂತ ಜಾಗರೂಕತೆ ಅಗತ್ಯ. ಅಫೀಮಿನ ಗಿಡದ ಬೀಜವಾದುದರಿಂದ ಯು.ಎ.ಇ., ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಅದು ನಿಷಿದ್ಧ. ಪಾಯಸಕ್ಕೆಂದು ಡಬ್ಬಿಯ ಮೂಲೆಯಲ್ಲಿಟ್ಟ ಒಂದು ಹಿಡಿ ಗಸಗಸೆ ಸೆರೆವಾಸಕ್ಕೆ ಕಾರಣವಾಗಬಲ್ಲದು. ಕೊಡೀನ್, ಟ್ರಮಡಾಲ್‌ಗಳುಳ್ಳ ಔಷಧಿಗಳಿಗೂ ಕೊಲ್ಲಿಯಲ್ಲಿ ಕಟ್ಟುನಿಟ್ಟಿದೆಯಾದ್ದರಿಂದ ವೈದ್ಯರ ಚೀಟಿಯೊಡನೆ ಮುಂಚಿತವಾದ ಅನುಮತಿಯನ್ನೂ ವಿಚಾರಿಸಬೇಕು. ಒಡವೆಗಳನ್ನು ಧರಿಸಿ ಹೋಗುವವರು ಹೊರಡುವ ವಿಮಾನನಿಲ್ದಾಣದ ಸುಂಕದ ಅಧಿಕಾರಿಯಿಂದ ರಫ್ತು ಪ್ರಮಾಣಪತ್ರವನ್ನು ಪಡೆದಿದ್ದರೆ, ಮರಳಿ ಬರುವಾಗ ಅದೇ ಒಡವೆಗೆ ಸುಂಕ ಕೇಳುವ ಪ್ರಸಂಗ ಬರುವುದಿಲ್ಲ. ಮೂಲ ಪತ್ರಗಳು ಯಾವ ಕಾರಣಕ್ಕೂ ಕೈಚೀಲವನ್ನು ಬಿಟ್ಟಿರಬಾರದು.

ಕೊಯಮತ್ತೂರಿನ ಪೀಳಮೇಡಿನಲ್ಲಿರುವ ವಿಮಾನನಿಲ್ದಾಣದಿಂದ ನೇರವಾಗಿ ಹೋಗಬಹುದಾದ ಪರದೇಶದ ಊರುಗಳು ಶಾರ್ಜಾ, ಸಿಂಗಪುರದಂಥ ಕೆಲವೇ. ಉಳಿದವುಗಳಿಗೆ ಪಾಲಕ್ಕಾಡ್ ಕಣಿವೆಯನ್ನು ದಾಟಿ ಕೊಚ್ಚಿಗೋ, ಇಲ್ಲವೆ ಚೆನ್ನೈ, ಬೆಂಗಳೂರುಗಳಿಗೋ ಹೋಗಬೇಕು. ಆಫ್ರಿಕದ ಹಲವು ದೇಶಗಳಿಗೆ ಹೋಗುವವರು ಹೊರಡುವುದಕ್ಕೆ ಹತ್ತು ದಿನಗಳಾದರೂ ಮೊದಲು ಹಳದಿ ಜ್ವರದ ಲಸಿಕೆಯನ್ನು ಹಾಕಿಸಿಕೊಳ್ಳತಕ್ಕದ್ದು. ಚೆನ್ನೈಯ ಗಿಂಡಿಯಲ್ಲಿರುವ ಕಿಂಗ್ ಇನ್‌ಸ್ಟಿಟ್ಯೂಟ್ ಅದಕ್ಕೆ ಅಧಿಕೃತ ಕೇಂದ್ರಗಳಲ್ಲೊಂದು.

ಹೊಸ ನಗರವನ್ನು ಸೇರಿದ ಮೊದಲ ವಾರಗಳಲ್ಲಿ ಮನೆಯೇ ಮುಖ್ಯ ಚಿಂತೆ. ಸಾಧ್ಯವಾದರೆ ಯಜಮಾನನೋ ಯಜಮಾನಿಯೋ ಒಬ್ಬರೇ ಮೊದಲು ಹೋಗಿ, ಮನೆ ಗೊತ್ತಾದ ಮೇಲೆ ಉಳಿದವರನ್ನು ಕರೆಸಿಕೊಳ್ಳುವುದು ಮೇಲೆಂದು ನನ್ನ ನಂಬಿಕೆ. ಹೋಟೆಲಿನ ಕೋಣೆಯಲ್ಲಿ ಮಕ್ಕಳೊಡನೆ ಕುಳಿತು ಮನೆ ಹುಡುಕುವವನು ಅವಸರದಲ್ಲಿ ಒಪ್ಪಬಾರದುದನ್ನು ಒಪ್ಪಿಬಿಡುತ್ತಾನೆ. ದುಬೈಯಲ್ಲಿ ಬಾಡಿಗೆಯನ್ನು ವರ್ಷಕ್ಕೆ ಇಷ್ಟು ಚೆಕ್ಕುಗಳೆಂದು ಮುಂಗಡವಾಗಿಯೇ ಬರೆದುಕೊಡುವ ಪದ್ಧತಿಯಿದೆ. ಬಾಡಿಗೆಯ ಕರಾರನ್ನು ‘ಇಜಾರಿ’ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು, ನೀರು ಮತ್ತು ವಿದ್ಯುತ್ತಿಗಾಗಿ ಫ್ಲ್ಯಾಟಿನವರು 2,000 ದಿರ್ಹಮ್ ಠೇವಣಿಯಿಡಬೇಕು. ಆದುದರಿಂದ ಮೊದಲ ಸಂಬಳ ಕೈಸೇರುವ ಮೊದಲೇ ಹಲವು ತಿಂಗಳ ಬಾಡಿಗೆಯಷ್ಟು ಹಣ ಬೇಕಾಗುತ್ತದೆ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು, ಅದಕ್ಕೆ ಮನೆಯ ಮಾಲಿಕನ ಲಿಖಿತ ದೃಢೀಕರಣ ಬೇಕು. ಬ್ಯಾಂಕು, ತೆರಿಗೆಯ ಸಂಖ್ಯೆಗಳೆಲ್ಲವೂ ಇದನ್ನೇ ಹಿಂಬಾಲಿಸಿ ಬರುತ್ತವೆ. ಅಲ್ಲಿ ಮಾಲಿಕನು ಕೇಳಬಹುದಾದ ಠೇವಣಿಯ ಮಿತಿ ಮೂರು ತಿಂಗಳ ಮೂಲ ಬಾಡಿಗೆ. ಅಂತರರಾಷ್ಟ್ರೀಯ ವಾಹನ ಪರವಾನಗಿಯನ್ನು ಇಲ್ಲಿಯ ಆರ್‌ಟಿಒ ಕಚೇರಿಯಲ್ಲಿ ಪಡೆಯಬಹುದು; ಅದರ ಅವಧಿ ಒಂದು ವರ್ಷ, ಆಮೇಲೆ ಆಯಾ ದೇಶದ ಪರವಾನಗಿಯನ್ನೇ ಪಡೆಯಬೇಕು.

ಊರಿನಲ್ಲಿ ಮತದಾನದ ಹಕ್ಕು ಉಳಿಯಬೇಕೆಂದು ಬಯಸುವ ಭಾರತೀಯ ಪ್ರಜೆ ನಮೂನೆ 6ಎ ತುಂಬಿ ಅನಿವಾಸಿ ಮತದಾರನಾಗಿ ನೋಂದಾಯಿಸಿಕೊಳ್ಳಬಹುದು. ಮತ ಹಾಕುವ ದಿನ ಮಾತ್ರ ಪಾಸ್‌ಪೋರ್ಟಿನೊಡನೆ ಸ್ವತಃ ಬರಬೇಕು.

ಕೊನೆಯದಾಗಿ ಓದುಗರಲ್ಲಿ ಒಂದು ಬೇಡಿಕೆ. ಹೊರಡುವವರ ತಂದೆತಾಯಿಗಳು ಬಹುಮಟ್ಟಿಗೆ ಇಲ್ಲಿಯೇ ಉಳಿಯುತ್ತಾರೆ. ಅವರ ಬ್ಯಾಂಕಿನ ಪುಸ್ತಕ, ವಿದ್ಯುತ್ ಸಂಪರ್ಕದ ಸಂಖ್ಯೆ, ಗ್ಯಾಸಿನ ಖಾತೆ, ಪಿಂಚಣಿಗೆ ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರ, ನಿತ್ಯದ ಔಷಧಿಗಳ ಪಟ್ಟಿ, ಹತ್ತಿರದ ಆಸ್ಪತ್ರೆಯ ಮತ್ತು ರಾತ್ರಿ ಕರೆದರೆ ಬರಬಲ್ಲ ನೆರೆಯವರೊಬ್ಬರ ದೂರವಾಣಿ ಸಂಖ್ಯೆ, ಇವೆಲ್ಲವನ್ನೂ ಒಂದು ಪುಸ್ತಕದಲ್ಲಿ ಅವರು ಓದಬಲ್ಲ ಲಿಪಿಯಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆದು, ಒಂದು ಪ್ರತಿಯನ್ನು ಅವರ ಕೈಯಲ್ಲಿಟ್ಟು ಮತ್ತೊಂದನ್ನು ಜೊತೆಗೆ ಕೊಂಡೊಯ್ಯಿರಿ. ಆ ಕೆಲಸವನ್ನು ಟಿಕೆಟ್ ಕೊಳ್ಳುವ ಮೊದಲೇ ಮಾಡಿರಿ.